ತುಂಗಾ–ಭದ್ರಾ ಪ್ರಳಯಪಠ್ಯದ ಜಲೋತ್ತರ ಪರಿಪ್ರೇಕ್ಷ್ಯ: ಒಂದು ತಾತ್ವಿಕ ಮುಖಾಮುಖಿ

ಹವಾಮಾನ ಪ್ರಳಯದ ಚಲನಚಿತ್ರವು ಆರ್ದ್ರತೆಯ ರಾಜಕಾರಣವನ್ನು ವಸಾಹತೋತ್ತರ ನೆಲೆಯಲ್ಲಿ ವಿನ್ಯಾಸಗೊಳಿಸುವ ಬಹುಸ್ತರೀಯ ಸಂಕಥನವಾಗಿರುತ್ತದೆ. ಅಂದರೆ, ಊರು ಮುಳುಗುತ್ತದೆ. ರೋಲಂಡ್ ಎಮ್ಮೆರಿಕ್‌ನ ‘ದಿ ಡೇ ಆಫ್ಟರ್ ಟುಮಾರೋ’ (2004) ಚಿತ್ರದಲ್ಲಿ ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹ ಕೈಕೊಟ್ಟು ನ್ಯೂಯಾರ್ಕ್ ಮೊದಲು ಮುಳುಗಿ, ಆಮೇಲೆ ಹೆಪ್ಪುಗಟ್ಟುತ್ತದೆ. ಗ್ರಂಥಾಲಯದಲ್ಲಿ ಸಿಕ್ಕಿಕೊಂಡವರು ಪುಸ್ತಕ ಸುಟ್ಟು ಚಳಿ ಕಾಯಿಸುತ್ತಾರೆ. (ನಮ್ಮ ವಿಚಾರ ಸಂಕಿರಣಗಳ ಪ್ರಬಂಧ ಸಂಪುಟಗಳಿಗೂ ಇಂಥದೊಂದು ಉಪಯೋಗವಿರುವುದನ್ನು ವಿದ್ವಾಂಸರು ಗಮನಿಸಿದಂತಿಲ್ಲ.)

ಈ ಪ್ರಕಾರವನ್ನು ಐದು ವರ್ಗಗಳಾಗಿ ವಿಂಗಡಿಸಬಹುದು.

1. ಮಂಟಪಕೇಂದ್ರಿತ ಪ್ರಳಯ. ಶಿವಮೊಗ್ಗದವರು ತುಂಗೆಯ ಮಟ್ಟ ಅಳೆಯುವುದು ಕೋರ್ಪಲಯ್ಯನ ಛತ್ರದ ಬಳಿ ಹೊಳೆಯೊಳಗಿರುವ ಕಲ್ಲುಮಂಟಪದಿಂದ. ಮಂಟಪ ಮುಳುಗಿತಂತೆ ಎಂದರೆ ಸಾಕು, ಸೇತುವೆಯ ಮೇಲೆ ಮೊಬೈಲುಗಳು ಮೇಲೇಳುತ್ತವೆ. ಜನಪ್ರತಿನಿಧಿಗಳು ಬಾಗಿನ ಬಿಡುತ್ತಾರೆ. ಹಾಲಿವುಡ್ಡಿಗೆ ಈ ರಸಪ್ರಜ್ಞೆಯಿಲ್ಲ. ಅಲ್ಲಿ ನೀರು ಬಂದರೆ ಓಡುತ್ತಾರೆ.

2. ಸೇತುವೈಪರೀತ್ಯ. ಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಭದ್ರಾವತಿಯಲ್ಲಿ ಮುಳುಗುವುದು ಹೊಸ ಸೇತುವೆ. ಹಳೆಯದು ನೋಡುತ್ತ ನಿಂತಿರುತ್ತದೆ. ಆಧುನಿಕತೆಯ ವಿಮರ್ಶೆ ಎಂದು ಒಂದು ಪಿಎಚ್‌.ಡಿ. ಆದೀತು.

3. ಸಚಿವಶೂನ್ಯತಾವಾದ. ಸಿನಿಮಾದಲ್ಲಿ ವಿಜ್ಞಾನಿಯ ಮಾತಿಗೆ ಕಿವಿಗೊಡದ ಉಪಾಧ್ಯಕ್ಷನೊಬ್ಬನಾದರೂ ಇದ್ದಾನೆ. 2019ರ ಆಗಸ್ಟ್‌ನಲ್ಲಿ ರಾಜ್ಯವೇ ನೀರಿನಲ್ಲಿದ್ದಾಗ ಕಿವಿಗೊಡದಿರಲಿಕ್ಕೂ ನಮಗೊಬ್ಬ ಮಂತ್ರಿ ಇರಲಿಲ್ಲ. 20ನೇ ತಾರೀಖಿನವರೆಗೆ ಸಂಪುಟದಲ್ಲಿದ್ದವರು ಮುಖ್ಯಮಂತ್ರಿ ಯಡಿಯೂರಪ್ಪ ಒಬ್ಬರೇ. ನಮ್ಮ ಜಿಲ್ಲೆಯವರೇ.

ನಾಲ್ಕು, ಐದು ಹಾಗಿರಲಿ.

ಆ ಆಗಸ್ಟ್‌ನಲ್ಲಿ ಶಿವಮೊಗ್ಗದ ರಾಜೀವ್ ಗಾಂಧಿ ಬಡಾವಣೆ, ಕುಂಬಾರಗುಂಡಿಯ ಮನೆಗಳಿಗೆ ಹೊಳೆ ನುಗ್ಗಿತು. ನೀರಿಳಿದ ಮೇಲೆ ಬೀದಿ ತುಂಬ ನೆನೆದ ಹಾಸಿಗೆ, ಹುಳಿ ವಾಸನೆಯ ಅಕ್ಕಿ ಮೂಟೆ. ಬಟ್ಟೆ ಒಣಹಾಕುವ ತಂತಿಗೆ ಕ್ಲಿಪ್ಪು ಸಿಕ್ಕಿಸಿ ಯಾರೋ ಮಗಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಒಣಗಿಸುತ್ತಿದ್ದರು. ಶಾಯಿ ಇಳಿದು ಹೆಸರೇ ಓದಲು ಬರುತ್ತಿರಲಿಲ್ಲ. ತುರ್ತು ಪರಿಹಾರ ಹತ್ತು ಸಾವಿರ. ಇದನ್ನೇ ಒಬ್ಬರು ವೇದಿಕೆಯ ಮೇಲೆ ‘ಅಂಚಿನ ಸಮುದಾಯಗಳ ಜಲಾನುಭವ’ ಎಂದರು, ಜನ ಚಪ್ಪಾಳೆ ತಟ್ಟಿದರು. ನಾಚಿಕೆಯಾಗಬೇಕು. 2023ರಲ್ಲಿ ಅದೇ ಜಿಲ್ಲೆ ಬರಪೀಡಿತ ಪಟ್ಟಿಗೆ ಸೇರಿತು. ಅದಕ್ಕಿನ್ನೂ ಪರಿಭಾಷೆ ತಯಾರಾಗಿಲ್ಲ.

ಸಿನಿಮಾದ ಪ್ರಳಯಕ್ಕೆ ಕೆಲವೇ ದಿನ ಸಾಕು. ನಮ್ಮದು ನಿಧಾನ. 1923ರಿಂದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಮಲೆನಾಡಿನ ಮರ ಸುಟ್ಟ ಇದ್ದಿಲಿನಲ್ಲಿ ಅದಿರು ಕರಗಿಸಿತು. 1936ರಲ್ಲಿ ಹುಟ್ಟಿದ ಕಾಗದ ಕಾರ್ಖಾನೆ ಬಿದಿರು ತಿಂದಿತು; ಆಮೇಲೆ ಗುಡ್ಡಗಳ ಮೇಲೆ ನೀಲಗಿರಿ, ಅಕೇಶಿಯಾ ಎದ್ದವು. ಸಾವಿರಾರು ಮನೆಗಳಿಗೆ ಅನ್ನ ಕೊಟ್ಟ ಕಾರ್ಖಾನೆಗಳು, ಬೈಯಲು ಬಾಯಿ ಬರುವುದಿಲ್ಲ. ಕಾಗದದ್ದು ನಿಂತೇ ಹೋಯಿತು. ಉಕ್ಕಿನದನ್ನೂ ಮುಚ್ಚುತ್ತೇವೆಂದು 2023ರಲ್ಲಿ ಹೇಳಿದರು. ಕಾಡು ಮಾತ್ರ ವಾಪಸ್ಸು ಬರಲಿಲ್ಲ. ಅಕೇಶಿಯಾ ಬೇಡವೆಂದು ಊರವರು ಕೂಗುತ್ತಿರುವಾಗಲೇ, 2020ರಲ್ಲಿ, ಕಾಗದ ಮಾಡದ ಕಾಗದ ಕಾರ್ಖಾನೆಗೆ ಸರ್ಕಾರ ಆ ನೆಡುತೋಪುಗಳ ಜಮೀನನ್ನು ಇನ್ನೂ 40 ವರ್ಷಕ್ಕೆ ಗುತ್ತಿಗೆ ಮುಂದುವರಿಸಿಕೊಟ್ಟಿತು. ಎಮ್ಮೆರಿಕ್ ಇಂಥ ದೃಶ್ಯ ಬರೆದುಕೊಂಡು ಹೋಗಿದ್ದರೆ, ಯಾರು ನಂಬುತ್ತಾರಯ್ಯ ಎಂದು ನಿರ್ಮಾಪಕ ಹರಿದು ಹಾಕುತ್ತಿದ್ದ.