ಯಾರದೋ ತಾತನ ದಿವಾನ

ನಿಜ ಹೇಳಿ, ಈ ಆಸೆ ಹತ್ತಿದ್ದು ಇನ್‌ಸ್ಟಾಗ್ರಾಮ್‌ನಿಂದ ತಾನೇ? ಹಳೇ ಬೀಟೆ ಮರದ ದಿವಾನ, ಮೇಲೆ ಇಳಕಲ್ ಸೀರೆ ಕತ್ತರಿಸಿ ಹೊಲಿದ ಹೊದಿಕೆ, ಎರಡು ಒರಗುದಿಂಬು, ಪಕ್ಕದಲ್ಲಿ ಹಿತ್ತಾಳೆ ಹಂಡೆಯೊಳಗೆ ಮನಿ ಪ್ಲಾಂಟ್. (ಅದೇ ಹಂಡೇಲಿ ನೀರು ಕಾಯಿಸಿದ ಅಜ್ಜಿ ಇದನ್ನ ನೋಡಿದ್ದರೆ ಏನಂತಿದ್ದರೋ!) ತಕ್ಷಣ 'ನಮ್ಮ ಹಾಲ್‌ಗೂ ಒಂದು ಬೇಕು ರೀ' ಅಂದುಬಿಟ್ರಿ.

ಮನೆ ಇರೋದು ಇಟ್ಟಮಡುವಲ್ಲಿ. 20-30 ಸೈಟು, ಮೂರನೇ ಮಹಡಿ. ಹಾಲ್‌ನಲ್ಲಿ ಈಗಾಗಲೇ ಎಲ್ ಶೇಪ್ ಸೋಫಾ, ಟಿವಿ ಯೂನಿಟ್, ಮಗಳ ಸೈಕಲ್ಲು, ನೀರಿನ ಕ್ಯಾನು. ದಿವಾನ ಎಲ್ಲಿಡ್ತೀರಿ ಅಂದ್ರೆ 'ಆ ಕಿಟಕಿ ಪಕ್ಕ, ಬೆಳಕು ಚೆನ್ನಾಗಿ ಬೀಳುತ್ತೆ' ಅಂತೀರಿ. ಆ ಕಿಟಕಿ ತೆಗೆದ್ರೆ ಕೈಗೆ ಸಿಗೋದು ಪಕ್ಕದ ಮನೆಯವರ ಕುಕ್ಕರ್ರು ಅನ್ನೋದು ಬೇರೆ ಮಾತು.

ಅದಿರಲಿ, ಊರಲ್ಲಿದ್ದ ನಿಮ್ಮ ತಾತನ ಮಂಚ ಏನಾಯ್ತು? ಯಾಕೆ ಫೋನ್ ನೋಡ್ತಿದ್ದೀರಿ? 'ತಿಗಣೆ ಕಾಟ, ಜಾಗ ಬೇರೆ ತಿನ್ನುತ್ತೆ' ಅಂತ ಗುಜರಿಯವನಿಗೆ ಎತ್ತಿ ಕೊಡಿಸಿದ್ದು ನೀವೇ ಅಲ್ವಾ? ಬಂದ ದುಡ್ಡಲ್ಲಿ ಪ್ಲಾಸ್ಟಿಕ್ ಚೇರ್ ತಗೊಂಡ್ರಿ. (ಗಾಬರಿಯಾಗಬೇಡಿ, ನಾನ್ಯಾರಿಗೂ ಹೇಳಲ್ಲ.) ನಿಮ್ಮ ತಾತನದ್ದು ಹಳೇ ಸಾಮಾನು, ಯಾರದೋ ತಾತನದ್ದು ಆಂಟಿಕ್!

ಸಮಾಧಾನ ಮಾಡ್ಕೊಳ್ಳಿ, ಈ ವಿಷಯದಲ್ಲಿ ಸರ್ಕಾರವೂ ನಿಮ್ಮ ಕಡೆಯೇ. ಚಂಡೀಗಢದ ಕಚೇರಿಗಳಿಗೆ ಅಂತ ವಾಸ್ತುಶಿಲ್ಪಿ ಪಿಯರೆ ಜೀನರೆ 1950ರ ದಶಕದಲ್ಲಿ ಮಾಡಿಸಿದ ತೇಗದ ಕುರ್ಚಿ, ಮೇಜುಗಳನ್ನ ಆಮೇಲೆ ಹಳೇದಾಯ್ತು ಅಂತ ಸ್ಕ್ರ್ಯಾಪ್ ಲೆಕ್ಕದಲ್ಲಿ ಹರಾಜು ಹಾಕಿದ್ರು. ಅವೇ ಪ್ಯಾರಿಸ್ಸು, ಲಂಡನ್ನಿನ ಹರಾಜಿನಲ್ಲಿ ಲಕ್ಷಗಟ್ಟಲೆ ಬಾಳೋಕೆ ಶುರುವಾದ ಮೇಲೆ, 2011ರಲ್ಲಿ ಕೇಂದ್ರ ಗೃಹ ಇಲಾಖೆ 'ಇನ್ನು ಮಾರಬೇಡ್ರಪ್ಪಾ' ಅಂತ ಆದೇಶ ಹೊರಡಿಸ್ತು.

ಮಣಿಪಾಲದ ವಿಜಯನಾಥ ಶೆಣೈ ಅವರು ಮಾತ್ರ ಬೇರೆ ಜಾತಿಯ ಮನುಷ್ಯ. ಕೆಡವೋಕೆ ನಿಂತ ಹಳೇ ಮನೆಗಳನ್ನ ಕಂಬ, ತೊಲೆ, ಬಾಗಿಲು ಸಮೇತ ಬಿಚ್ಚಿ ತಂದು ಹೆರಿಟೇಜ್ ವಿಲೇಜ್‌ನಲ್ಲಿ ಮತ್ತೆ ನಿಲ್ಲಿಸಿದ್ರು. ಅವರು ಇಡೀ ಮನೆಗಳನ್ನೇ ಹೊತ್ತು ತಂದ್ರು, ನೀವು ಒಂದು ಮಂಚಕ್ಕೆ ಪೋರ್ಟರ್ ಆ್ಯಪ್‌ನಲ್ಲಿ ರೇಟ್ ನೋಡ್ತಾ ಕೂತಿದ್ದೀರಿ.

ಹೊರಡಿ ಹಾಗಾದ್ರೆ. ಚಿಕ್ಕಪೇಟೆ ಕಡೆಯ ಸಂಡೇ ಬಜಾರ್, ಶಿವಾಜಿನಗರದ ಸೆಕೆಂಡ್ ಹ್ಯಾಂಡ್ ಅಂಗಡಿಗಳು, ತೀರಾ ಹುಚ್ಚು ಹಿಡಿದಿದ್ರೆ ಚೆಟ್ಟಿಯಾರ್ ಬಂಗಲೆಗಳ ಸಾಮಾನು ಸಿಗೋ ಕಾರೈಕುಡಿ. ಅಷ್ಟು ದೂರ ಯಾಕೆ, 1898ರ ಪ್ಲೇಗ್ ಆದಮೇಲೆ ಬೆಳೆದ ಬಸವನಗುಡಿ ಇಲ್ಲೇ ಇದೆ. ಅಲ್ಲಿ ಹಳೇ ಮನೆ ಮುಂದೆ ಜೆಸಿಬಿ ನಿಂತಿದ್ರೆ ಗಾಡಿ ಸ್ಲೋ ಮಾಡಿ. (ಹೋಗುವಾಗ 'ಅಯ್ಯೋ, ಎಂಥಾ ಮನೆ ಕೆಡವ್ತಿದ್ದಾರಲ್ಲ' ಅಂತ ಮರುಗಿ. ಬರುವಾಗ ಮಂಚದ ರೇಟ್ ಕೇಳಿ.)

ಅಂಗಡಿಯವನು ಮೇಲಿನ ಕೆತ್ತನೆ ತೋರಿಸ್ತಾನೆ. ನೀವು ಕೆಳಗೆ ನೋಡಿ. ಇಸ್ತ್ರಿ ಶರ್ಟ್ ಆದ್ರೂ ಪರವಾಗಿಲ್ಲ, ನೆಲದ ಮೇಲೆ ಅಂಗಾತ ಮಲಗಿ ಮೊಬೈಲ್ ಟಾರ್ಚ್ ಬಿಡಿ. ಪ್ಲಸ್ ತಲೆಯ ಸ್ಕ್ರೂ ಕಂಡ್ರೆ ನಕ್ಕುಬಿಡಿ, ಅದು ಮಾರುಕಟ್ಟೆಗೆ ಬಂದಿದ್ದೇ 1930ರ ದಶಕದಲ್ಲಿ. ರಿಪೇರಿಗೆ ಹಾಕಿದ್ದು ಅಂತಾನೆ. ಆಗಿರಬಹುದು, ಆದ್ರೆ ನಾಲ್ಕು ಕಾಲಿಗೂ ಅದೇ ಇದ್ರೆ ಅದು ರಿಪೇರಿ ಅಲ್ಲ ಸ್ವಾಮಿ, ಹುಟ್ಟು.

ಆಮೇಲೆ ಒಂದು ಮೂಲೆ ಎತ್ತಿ. ಬೀಟೆ ಆದ್ರೆ ನಿಮ್ಮ ಸೊಂಟವೇ ಸರ್ಟಿಫಿಕೇಟ್ ಕೊಡುತ್ತೆ. ಸಲೀಸಾಗಿ ಎದ್ದರೆ ಬಣ್ಣ ಬಳಿದ ಸಿಲ್ವರ್ ಓಕೇನೋ ಅಂತ ಅನುಮಾನ ಪಡಿ. ಕಾಲನ್ನ ತಟ್ಟಿ, ಸಣ್ಣ ತೂತಿನಿಂದ ಹೊಸದಾಗಿ ಹಿಟ್ಟು ಉದುರಿದ್ರೆ ಒಳಗೆ ಹುಳುವಿನ ಸಂಸಾರ ಇನ್ನೂ ನಡೀತಿದೆ ಅಂತಲೇ ಅರ್ಥ. ತೇಗ, ಬೀಟೆಯ ಚೇಗು ಅದಕ್ಕೆ ಸುಲಭಕ್ಕೆ ರುಚಿಸಲ್ಲ, ಅಂಚಿನ ಬಿಳೀ ಮರ ಅಂದ್ರೆ ಪ್ರಾಣ.

ಇನ್ನೊಂದು ಮಜಾ ಹೇಳ್ತೀನಿ, ಕಿವಿ ಕೊಡಿ. 'ನೂರೈವತ್ತು ವರ್ಷ ಹಳೇದು ಸಾರ್' ಅಂದ ಕೂಡಲೇ ಮೆಲ್ಲಗೆ ಕೇಳಿ: '1972ರ ಪುರಾತನ ವಸ್ತುಗಳ ಕಾಯ್ದೆ ಇದೆಯಲ್ಲ, ನೂರು ವರ್ಷ ದಾಟಿದ ಕಲಾವಸ್ತು ವ್ಯಾಪಾರಕ್ಕೆ ಲೈಸೆನ್ಸ್ ಬೇಕಂತೆ, ನಿಮ್ಮದು ಇದೆಯಾ?' ಮಂಚಕ್ಕೆ ಕಣ್ಣೆದುರೇ ಅರವತ್ತು ವರ್ಷ ವಯಸ್ಸು ಇಳಿಯುತ್ತೆ. ರೇಟು ಮಾತ್ರ ಇಳಿಯಲ್ಲ.

ಮೈಸೂರು ಇನ್‌ಲೇ ಕೆಲಸ, ಬಿಳಿ ಹೂವೆಲ್ಲ ಅಪ್ಪಟ ಆನೆದಂತ ಅಂದ್ರೋ, ಎದ್ದು ಬನ್ನಿ. ಹಿಂದೆ ದಂತ ಕೂರಿಸ್ತಿದ್ದಿದ್ದು ನಿಜ, ಆದ್ರೆ ಈಗ ದಂತದ ವ್ಯಾಪಾರಕ್ಕೆ ನಿಷೇಧ ಇದೆ. ಅವನ ಮಾತು ಸುಳ್ಳಾದ್ರೆ ನಿಮಗೆ ಟೋಪಿ, ನಿಜವಾದ್ರೆ ನಿಮ್ಮ ಮೇಲೆ ಕೇಸು.

ತಂದೇ ಬಿಟ್ರಿ ಅಂತಿಟ್ಕೊಳ್ಳಿ. ಚೋಟಾ ಹಾಥಿ ಕ್ರಾಸ್‌ನಲ್ಲಿ ತಿರುಗಲ್ಲ, ದಿವಾನ ಮೆಟ್ಟಿಲಲ್ಲಿ ತಿರುಗಲ್ಲ. (ಟೇಪು ಹಿಡಿದು ಬಾಗಿಲಿನ ಅಳತೆ ತಗೊಂಡ್ರಿ, ಸರಿ. ಮೆಟ್ಟಿಲ ತಿರುವಿನದ್ದು?) ಕಾಲು ಬಿಚ್ಚೋಕೆ ಬರುತ್ತಾ ಅಂತ ಕೊಳ್ಳೋ ಮುಂಚೆ ಕೇಳಬೇಕಿತ್ತು. ರೆಡಿಮೇಡ್ ಹಾಸಿಗೆ ಬರೋದು 72 ಇಂಚು ಉದ್ದ, 36 ಇಂಚು ಅಗಲ ಅನ್ನೋ ಥರದ ಗೊತ್ತಾದ ಅಳತೆಗಳಲ್ಲಿ. ಹಳೇ ಬಡಗಿ ಆ ಲೆಕ್ಕಕ್ಕೆ ಮಾಡಿರೋದಿಲ್ಲ, ಹತ್ತಿ ಹಾಸಿಗೆ ಹೊಲಿಸಲೇಬೇಕು. ಬೆತ್ತ ಹೆಣೆದಿದ್ದು ಸಡಿಲವಾಗಿದ್ರೆ ಅಡಿಯಿಂದ ಒದ್ದೆ ಬಟ್ಟೆ ಒತ್ತಿ ಒಣಗಲು ಬಿಡಿ, ಸಾಕಷ್ಟು ಬಿಗಿಯಾಗುತ್ತೆ.

ಇಷ್ಟೆಲ್ಲಾ ಆಗಿ, ನೀವು ಅದರ ಮೇಲೆ ಹಗಲು ಹೊತ್ತು ಮಲಗೋದುಂಟಾ? ತಾತ ಊಟ ಮಾಡಿ ಎಲೆಅಡಿಕೆ ಹಾಕಿ ಮೈ ಚಾಚಿದ್ರೆ ಸಂಜೆ ಕಾಫಿಗೇ ಏಳ್ತಿದ್ದರು. ನೀವು ಒರಗಿದ ಐದೇ ನಿಮಿಷಕ್ಕೆ ಟೀಮ್ಸ್ ಕಾಲ್. ಎರಡನೇ ವಾರಕ್ಕೆ ಮಡಿಸದ ಬಟ್ಟೆಗಳ ಗುಡ್ಡೆ ಅದನ್ನ ಆಕ್ರಮಿಸಿಕೊಳ್ಳುತ್ತೆ. ನೆಂಟರು ಬಂದಾಗ ಗುಡ್ಡೆಗೆ ಬೆಡ್‌ರೂಮಿಗೆ ವರ್ಗಾವಣೆ.

ಕೊನೇದಾಗಿ, ರೇಟ್ ವಿಷಯ. ಬಂದವರು ಕೇಳೇ ಕೇಳ್ತಾರೆ. ಆಫೀಸ್ ಫ್ರೆಂಡ್ಸ್‌ಗಾದ್ರೆ ಒಂದು ಸೊನ್ನೆ ಸೇರಿಸಿ ಹೇಳಿ, ಊರಿಂದ ಬಂದ ಮಾವನವರಿಗಾದ್ರೆ ಒಂದು ಸೊನ್ನೆ ತೆಗೆದು. ಇಬ್ಬರೂ ಒಂದೇ ಭಾನುವಾರ ಬರದ ಹಾಗೆ ಮಾತ್ರ ನೋಡ್ಕೊಳ್ಳಿ.