ಸತ್ತುಹೋಗಿದ್ದ ದಾಯಾದಿಯ ಸಂದರ್ಶನ

(ಸೀಲಕಾಂತ್ ಮೀನುಗಳು ಹಗಲಿಡೀ ಕೊಮೊರೊಸ್ ದ್ವೀಪಗಳ ಬುಡದ ಲಾವಾ ಗುಹೆಗಳಲ್ಲಿ ಸುಮ್ಮನಿದ್ದು, ರಾತ್ರಿ ಬೇಟೆಗೆ ಹೊರಡುತ್ತವೆ. ಹೊರಡುವ ಹೊತ್ತಿಗೆ ಹಿರಿಯಳೊಬ್ಬಳು ಮಾತಿಗೆ ಸಿಕ್ಕಳು. ಆಗಾಗ ತಲೆ ಕೆಳಗೆ ಮಾಡಿ ನಿಂತು ಉತ್ತರಿಸಿದಳು. ಅದು ಆ ವಂಶದ ಅಭ್ಯಾಸ, ಅಗೌರವವಲ್ಲ.)

ಪತ್ರಕರ್ತ: ನಮಸ್ಕಾರ ಅಜ್ಜಿ. ನೀವು ತೀರಿಕೊಂಡು 6.6 ಕೋಟಿ ವರ್ಷ ಆಯಿತು ಅಂತ ನಮ್ಮ ದಾಖಲೆಯಲ್ಲಿತ್ತು.

ಸೀಲಕಾಂತ್: ಹೌದಪ್ಪ, ಡೈನೋಸಾರುಗಳ ಜೊತೆಗೇ ನಮ್ಮ ತಿಥಿಯನ್ನೂ ಮುಗಿಸಿಬಿಟ್ಟಿದ್ದಿರಿ. 1938ರ ಡಿಸೆಂಬರಿನಲ್ಲಿ ದಕ್ಷಿಣ ಆಫ್ರಿಕಾದ ಟ್ರಾಲರ್ ಬಲೆಗೆ ನಮ್ಮ ಕಡೆಯವರೊಬ್ಬರು ಬಿದ್ದರು. ಈಸ್ಟ್ ಲಂಡನ್ ಊರಿನ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಮಾರ್ಜೊರಿ ಕೋರ್ಟ್ನಿ-ಲ್ಯಾಟಿಮರ್ ಮೀನಿನ ರಾಶಿಯಲ್ಲಿ ನೀಲಿ ರೆಕ್ಕೆ ಕಂಡು ಎತ್ತಿಸಿಕೊಂಡು ಹೋದಳು. ಇಡೋಕೆ ಜಾಗ ಇಲ್ಲ. ಶವಾಗಾರದವರೂ ಒಲ್ಲೆ ಅಂದರು. ಕೊಳೆಯೋಕೆ ಶುರುವಾದಾಗ ಒಳಗಿನದೆಲ್ಲ ಎಸೆದು ಚರ್ಮ ಉಳಿಸಿಕೊಂಡರು. ಬದುಕಿದ್ದೇವೆ ಅಂತ ತೋರಿಸೋಕೆ ಒಂದು ಹೆಣ ಬೇಕಾಯಿತು ನೋಡು. ವರ್ಷಾ ವರ್ಷಾ ಜೀವಂತ ಪ್ರಮಾಣಪತ್ರ ಕೊಡುವ ನಿಮ್ಮ ಪಿಂಚಣಿದಾರರಿಗೆ ನನ್ನ ಸಂಕಟ ಗೊತ್ತಾಗುತ್ತೆ.

ಪತ್ರಕರ್ತ: ಎರಡನೆಯದು ಸಿಗೋಕೆ 14 ವರ್ಷ ಹಿಡಿಯಿತಂತೆ.

ಸೀಲಕಾಂತ್: ಆ ಮೊದಲ ಮೀನನ್ನು ಗುರುತಿಸಿದ ವಿಜ್ಞಾನಿ ಸ್ಮಿತ್ ಮೇಷ್ಟ್ರು, ಇನ್ನೊಂದು ತಂದವರಿಗೆ 100 ಪೌಂಡ್ ಬಹುಮಾನ ಅಂತ ಕರಪತ್ರ ಹಂಚಿದರು. 1952ರಲ್ಲಿ ಇಲ್ಲಿ ಸಿಕ್ಕಾಗ ತರೋಕೆ ದಕ್ಷಿಣ ಆಫ್ರಿಕಾದ ಪ್ರಧಾನಿ ಮಲಾನ್ ವಿಮಾನವನ್ನೇ ಕೊಟ್ಟರು. ಮನುಷ್ಯರನ್ನು ಚರ್ಮದ ಬಣ್ಣ ನೋಡಿ ವಿಂಗಡಿಸುತ್ತಿದ್ದ ಸರ್ಕಾರ ಅದು. ಮೀನಿನ ಜಾತಿ ತಿಳಿಯೋಕೆ ಇನ್ನೂ ಹೆಚ್ಚು ಶ್ರಮ ಪಟ್ಟಿತು! ಇಲ್ಲಿನ ಬೆಸ್ತರಿಗೆ ನಾವು ಮೊದಲಿಂದಲೂ ಗೊತ್ತು. ಗೊಂಬೆಸ್ಸಾ ಅಂತಾರೆ, ತಿನ್ನೋಕೆ ಚೆನ್ನಾಗಿಲ್ಲ ಅಂತಾರೆ. ಪಾಪ, ಅವರನ್ನು ಯಾರೂ ಕೇಳಿರಲಿಲ್ಲ.

ಪತ್ರಕರ್ತ: ಅಂತೂ ನೀವು ಮೀನು.

ಸೀಲಕಾಂತ್: ತಕರಾರು ಅಲ್ಲೇ ಇರೋದು. ಕಶೇರುಕಗಳನ್ನು, ಅಂದರೆ ಬೆನ್ನುಮೂಳೆಯ ಪ್ರಾಣಿಗಳನ್ನು, ಮೀನು, ಉಭಯವಾಸಿ, ಸರೀಸೃಪ, ಪಕ್ಷಿ, ಸಸ್ತನಿ ಅಂತ ಐದು ಗುಂಪು ಮಾಡಿ, ನನ್ನನ್ನೂ ಬಂಗುಡೆಯನ್ನೂ ಒಂದೇ ರೇಷನ್ ಕಾರ್ಡಿಗೆ ಸೇರಿಸಿದ್ದೀರಿ. ಬಂಗುಡೆಯ ವಂಶವೂ ನಮ್ಮದೂ ಪಾಲಾಗಿ 40 ಕೋಟಿ ವರ್ಷ ದಾಟಿತು. ಆಮೇಲೆ ನಮ್ಮ ಪಾಲಿನ ಕಡೆ ಹುಟ್ಟಿದವರು ಯಾರು? ಕಪ್ಪೆ, ಹಾವು, ಕೋಳಿ, ನೀನು. ಈ ರೆಕ್ಕೆ ಮುಟ್ಟಿ ನೋಡು. ನಿನ್ನ ತೋಳಿನ ಹಾಗೇ ಭುಜಕ್ಕೆ ಒಂದೇ ಮೂಳೆ ಕೂಡಿದೆ. ಮುಂದಿನ ಬಲದ್ದು, ಹಿಂದಿನ ಎಡದ್ದು ಒಟ್ಟಿಗೆ ಆಡುತ್ತವೆ. ನಾಲ್ಕು ಕಾಲಿನವರು ಹೆಜ್ಜೆ ಹಾಕೋದೂ ಹೀಗೇ. ಲೆಕ್ಕ ಹಾಕಿದರೆ ಬಂಗುಡೆಗಿಂತ ನೀನೇ ನನಗೆ ಹತ್ತಿರ.

ಪತ್ರಕರ್ತ: ಅಂದರೆ ನೀವು ನಮ್ಮ ಮುತ್ತಜ್ಜಿ!

ಸೀಲಕಾಂತ್: ಅಜ್ಜಿ ಅನ್ನು, ಆಸ್ತಿ ಕೇಳಬೇಡ. ನಾನು ದಾಯಾದಿ ಅಷ್ಟೆ. 2013ರಲ್ಲಿ ನಮ್ಮ ಜೀನೋಮ್ ಓದಿದವರು, ಶ್ವಾಸಕೋಶದ ಮೀನೇ ನನಗಿಂತ ನಿಮಗೆ ಹತ್ತಿರ ಅಂತ ತೀರ್ಪು ಕೊಟ್ಟರು.

ಪತ್ರಕರ್ತ: ಜೀವಂತ ಪಳೆಯುಳಿಕೆ ಅಂತ ಕರೆದರೆ ಬೇಜಾರೇ?

ಸೀಲಕಾಂತ್: ಕಲ್ಲಿನಲ್ಲಿ ಸಿಕ್ಕವರ ಕುಲ ಬೇರೆ, ನಮ್ಮ ಕುಲ ಬೇರೆ. 1997ರಲ್ಲಿ ಇಂಡೊನೇಷ್ಯಾದ ಮನಾಡೊ ಮಾರುಕಟ್ಟೆಯಲ್ಲಿ ಕಂಡದ್ದು ನಮ್ಮದೇ ಕುಲದ ಇನ್ನೊಂದು ಪ್ರಭೇದ. ನಾವು ನಿಧಾನ ಇರಬಹುದು, ನಿಂತುಹೋದವರಲ್ಲ. ನೀವೇನೋ ವಿಕಾಸದ ಏಣಿಯ ಮೇಲಿದ್ದೀರಿ ಅನ್ನೋ ಭ್ರಮೆ ನಿಮಗೆ.

ಪತ್ರಕರ್ತ: ಕಶೇರುಕ ಅಂದಮೇಲೆ ಬೆನ್ನುಮೂಳೆ ಗಟ್ಟಿಯಾಗಿರಬೇಕಲ್ಲ?

ಸೀಲಕಾಂತ್: ನನಗೆ ಅದೇ ಸರಿಯಾಗಿಲ್ಲ. ಬೆನ್ನಿನುದ್ದಕ್ಕೆ ದ್ರವ ತುಂಬಿದ ಕೊಳವೆ ಇದೆ, ನೋಟೊಕಾರ್ಡ್. ನೀನು ಭ್ರೂಣವಾಗಿದ್ದಾಗ ನಿನಗೂ ನೋಟೊಕಾರ್ಡ್ ಇತ್ತು. ಇನ್ನು ನನ್ನ ತಲೆಬುರುಡೆಯ ಒಳಗೆ ಮಿದುಳು ನೂರಕ್ಕೆ ಎರಡು ಪಾಲೂ ಇಲ್ಲ, ಹೆಚ್ಚಿನದು ಕೊಬ್ಬು.

ಪತ್ರಕರ್ತ: ಬೆನ್ನೆಲುಬಿಲ್ಲ, ತಲೆ ತುಂಬ ಕೊಬ್ಬು! ನಮ್ಮ ಕಡೆ ಬನ್ನಿ ಅಜ್ಜಿ, ಯಾವ ಪಕ್ಷದವರಾದರೂ ಟಿಕೆಟ್ ಕೊಡುತ್ತಾರೆ.

ಸೀಲಕಾಂತ್: ಬೇಡಪ್ಪ. ನಮ್ಮ ಒಂದು ಬಸಿರಿಗೇ ಸುಮಾರು ಐದು ವರ್ಷ ಅಂತ 2021ರಲ್ಲಿ ಹುರುಪೆ ನೋಡಿ ಲೆಕ್ಕ ಹಾಕಿದ್ದಾರೆ. ಹೆರಿಗೆ ಆಗೋದರೊಳಗೆ ನಿಮ್ಮ ಸರ್ಕಾರ ಎಷ್ಟು ಸಲ ಬಿದ್ದಿರುತ್ತೋ!

ಪತ್ರಕರ್ತ: ನಮ್ಮ ಶಾಲೆಯ ಮಕ್ಕಳಿಗೆ ಏನಾದರೂ ಹೇಳಿ.

ಸೀಲಕಾಂತ್: ಪರೀಕ್ಷೆಯಲ್ಲಿ ಐದು ಗುಂಪು ಅಂತಲೇ ಬರೀಲಿ, ಅಂಕ ಬಿಡಬಾರದು. ಮೇಷ್ಟ್ರು ಒಳ್ಳೆಯವರಾಗಿದ್ದರೆ ಮಾತ್ರ, ಮೊಸಳೆಗೆ ಹತ್ತಿರದ ನೆಂಟ ಹಲ್ಲಿಯೋ ಹಕ್ಕಿಯೋ ಅಂತ ಕೇಳಿ ನೋಡಲಿ. ಉತ್ತರ ಹಕ್ಕಿ. ಬೈಸಿಕೊಂಡರೆ ನನ್ನ ಹೆಸರು ಹೇಳಬೇಡಿ.