ಶ್ರೀಮಾನ್ ವಿಲ್ಬರ್ ಅವರ ಸನ್ನಿಧಿಗೆ ಒಂದು ಬಹಿರಂಗ ಪತ್ರ

ಬಾಯಲ್ಲಿ ಕುಂಚವನ್ನು ಕಚ್ಚಿಕೊಂಡು, ನಾಯಿಯೋ ನರಿಯೋ ಎಂದು ಪ್ರಾಣಿಶಾಸ್ತ್ರಜ್ಞರೂ ನಿರ್ಣಯಿಸಲಾರದ ಮುಖಮುದ್ರೆಯಿಂದ, 1997ರಿಂದ ಇಂದಿನವರೆಗೂ ಗಿಂಪ್ ಎಂಬ ಚಿತ್ರಸಂಸ್ಕರಣ ತಂತ್ರಾಂಶದ ಲಾಂಛನಪದವಿಯನ್ನು ಅಲಂಕರಿಸಿರುವ ಮಾನ್ಯ ವಿಲ್ಬರ್ ಅವರಿಗೆ, ದಾವಣಗೆರೆ ನಗರದ ಎಂ.ಸಿ.ಸಿ. ಬಡಾವಣೆಯ ‘ಬಿ’ ಬ್ಲಾಕಿನ ನಿವಾಸಿಯೊಬ್ಬನು ಮಾಡಿಕೊಳ್ಳುವ ವಿಜ್ಞಾಪನೆ.

ತಮ್ಮ ಕುಲಗೋತ್ರಗಳು ನಮಗೆ ಅಜ್ಞಾತವಲ್ಲ. ಬರ್ಕ್ಲಿಯಲ್ಲಿ ವ್ಯಾಸಂಗ ಮಾಡುತ್ತಿದ್ದ ಸ್ಪೆನ್ಸರ್ ಕಿಂಬಲ್ ಮತ್ತು ಪೀಟರ್ ಮ್ಯಾಟಿಸ್ ಎಂಬ ಇಬ್ಬರು ತರುಣರು 1995ರಲ್ಲಿ ಗಿಂಪ್ ರಚನೆಯ ಕಾರ್ಯವನ್ನು ಕೈಗೊಂಡು, ಮರುವರ್ಷವೇ ಅದನ್ನು ಲೋಕಕ್ಕೆ ದಾನವಾಗಿ ಕೊಟ್ಟರೆಂಬುದನ್ನೂ, ಕಿಟಕಿ ಗುಂಡಿಗಳಿಗೆ ಬೇಕಾದ ಸಾಮಗ್ರಿಯನ್ನು ಮುಂದೆ ತಾವೇ ನಿರ್ಮಿಸಿಕೊಂಡರೆಂಬುದನ್ನೂ, ಆ ಸಾಮಗ್ರಿಯೇ ಜಿಟಿಕೆ ಎಂಬ ಹೆಸರಿನಿಂದ ಬೆಳೆದು ಗ್ನೋಮ್ ಎಂಬ ಇಡಿಯ ಗಣಕಪರಿಸರಕ್ಕೇ ಆಧಾರವಾಯಿತೆಂಬುದನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಬೆಲೆಬಾಳುವ ತಂತ್ರಾಂಶವನ್ನು ಕದ್ದ ಪ್ರತಿಯಲ್ಲಿ ಬಳಸುವಾಗ ತುಟಿಪಿಟಿಕ್ಕೆನ್ನದ ನಮ್ಮೂರಿನ ಜನ, ಧರ್ಮಾರ್ಥವಾಗಿ ದೊರೆತ ತಮ್ಮ ತಂತ್ರಾಂಶದಲ್ಲಿ ಮಾತ್ರ ದಿನಕ್ಕೊಂದು ದೋಷವನ್ನು ಕಂಡುಹಿಡಿಯುತ್ತಾರೆಂಬುದೂ ನಮಗೆ ಗೊತ್ತು. ಆ ಜನರಲ್ಲಿ ಈ ಪತ್ರಲೇಖಕನೂ ಸೇರಿದ್ದಾನೆಂದು ತಾವು ಭಾವಿಸಿದರೆ ನಮಗೆ ಅಭ್ಯಂತರವಿಲ್ಲ.

ಮೊದಲು ಚಿಲ್ಲರೆ ದೂರುಗಳನ್ನು ಮುಗಿಸಿಬಿಡೋಣ. ಬ್ರಷ್ ಹಿಡಿದು ಎಷ್ಟು ತಿಕ್ಕಿದರೂ ಬಣ್ಣ ಬೀಳದಿರುವುದಕ್ಕೆ ಕಾರಣ, ಚಿತ್ರದ ಯಾವುದೋ ಮೂಲೆಯಲ್ಲಿ ಸಾಸಿವೆಯಷ್ಟು ಸೆಲೆಕ್ಷನ್ ಉಳಿದುಕೊಂಡಿರುವುದೋ, ಲೇಯರಿನ ಅಂಚು ಅಷ್ಟರಲ್ಲೇ ಮುಗಿದಿರುವುದೋ ಆಗಿರುತ್ತದೆಂದೂ, ಸೆಲೆಕ್ಟ್ ಮೆನುವಿನಲ್ಲಿ ‘ನನ್’ ಎಂದು ಒತ್ತಿದರೆ ಮೊದಲನೆಯ ವ್ಯಾಧಿ ಗುಣವಾಗುವುದೆಂದೂ ಬಲ್ಲವರು ಬಲ್ಲರು. ಅರಿಯದವನು ಮೌಸ್ ಕೆಟ್ಟಿತೆಂದು ಹೊಸದನ್ನು ಕೊಳ್ಳುತ್ತಾನೆ. 2012ರಲ್ಲಿ ಬಂದ 2.8ನೆಯ ಆವೃತ್ತಿಯಿಂದೀಚೆಗೆ ‘ಸೇವ್’ ಎಂಬ ಆಜ್ಞೆಯು ತಮ್ಮ ಸ್ವಕೀಯವಾದ ಎಕ್ಸ್‌ಸಿಎಫ್ ಕಡತವನ್ನಲ್ಲದೆ ಬೇರೊಂದನ್ನು ಮುಟ್ಟುವುದಿಲ್ಲವೆಂಬ, ಜೆಪೆಗ್ ಬೇಕಾದವನು ‘ಎಕ್ಸ್‌ಪೋರ್ಟ್’ ಎಂಬ ಪ್ರತ್ಯೇಕ ದ್ವಾರದಿಂದಲೇ ಹೊರಡಬೇಕೆಂಬ ವ್ರತವನ್ನು ತಾವು ಕೈಗೊಂಡಿದ್ದೀರಿ. ಲೇಯರುಗಳ ಸಂರಕ್ಷಣೆಯ ದೃಷ್ಟಿಯಿಂದ ಈ ವ್ರತ ಸಾಧುವಾದುದೇ. ಆದರೆ ಬೆಳಗಾದರೆ ಕಟ್ಟಬೇಕಾದ ಬ್ಯಾನರಿಗಾಗಿ ರಾತ್ರಿಯಲ್ಲಿ ಎಕ್ಸ್‌ಸಿಎಫ್ ತುಂಬಿದ ಪೆನ್ ಡ್ರೈವನ್ನು ಹಿಡಿದು ಮುದ್ರಣದವನ ಮುಂದೆ ನಿಂತವನಿಗೆ ಅದರ ಸಾಧುತ್ವವನ್ನು ಯಾರು ಬೋಧಿಸಬೇಕು?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮದು ಕಾಲೇಜುಗಳ ಊರು. ಪ್ರವೇಶದ ಕಾಲ ಬಂದಿತೆಂದರೆ ಅರ್ಜಿಗೆ ಅಂಟಿಸುವ ಭಾವಚಿತ್ರಗಳಿಗಾಗಿ ಬಡಾವಣೆಯ ಪುಟ್ಟ ಸ್ಟುಡಿಯೋಗಳಲ್ಲಿ ತಾಯಿತಂದೆಯರೊಡಗೂಡಿದ ಮಕ್ಕಳ ಸಾಲು ಬೀದಿಯವರೆಗೆ ಬೆಳೆಯುತ್ತದೆ. 35 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಎತ್ತರದ ಆ ಚಿತ್ರವು ಇಂಚಿಗೆ 300 ಬಿಂದುಗಳ ಲೆಕ್ಕದಲ್ಲಿ ಸುಮಾರು 413ಕ್ಕೆ 531 ಪಿಕ್ಸೆಲ್ ಆಗುವುದರಿಂದ, 6ಕ್ಕೆ 4 ಇಂಚಿನ, ಎಂದರೆ 1800ಕ್ಕೆ 1200 ಪಿಕ್ಸೆಲಿನ ಕಾಗದದ ಮೇಲೆ ಸಾಲಿಗೆ ನಾಲ್ಕರಂತೆ ಎರಡು ಸಾಲು, ಒಟ್ಟು ಎಂಟು ಮುಖಗಳು ಹಿಡಿಸುತ್ತವೆ. ಈ ಗಣಿತವನ್ನು ಗಿರಾಕಿಗೊಮ್ಮೆ ಕೈಯಿಂದ ಮಾಡಿ ಬೇಸತ್ತ ಯಾವನೋ ಪುಣ್ಯಾತ್ಮನು ತಮ್ಮ ಸ್ಕ್ರಿಪ್ಟ್-ಫೂ ಎಂಬ ಭಾಷೆಯಲ್ಲಿ ಪುಟ್ಟದೊಂದು ಸ್ಕ್ರಿಪ್ಟನ್ನು ಬರೆದಿಟ್ಟನು. ಅದು ಪೆನ್ ಡ್ರೈವಿನಿಂದ ಪೆನ್ ಡ್ರೈವಿಗೆ, ಗುಂಡಿ ವೃತ್ತದಿಂದ ಹರಿಹರದವರೆಗೆ ಸಂಚರಿಸುತ್ತ, ದಾರಿಯಲ್ಲೆಲ್ಲೋ ಕರ್ತೃವಿನ ಹೆಸರನ್ನು ಕಳೆದುಕೊಂಡು, ಜನಪದ ಸಾಹಿತ್ಯದ ಘನತೆಯನ್ನು ಪಡೆಯಿತು. ಒಂದು ಸಲ ಒತ್ತಿದರೆ ಎಂಟು ಮುಖಗಳು.

ಹೀಗಿರುವಲ್ಲಿ 2025ರ ಮಾರ್ಚಿನಲ್ಲಿ ತಮ್ಮ 3.0 ಆವೃತ್ತಿಯು ಅವತರಿಸಿತು. ಸ್ಕ್ರಿಪ್ಟುಗಳು ಕರೆಯುತ್ತಿದ್ದ ಹಳೆಯ ಅನೇಕ ವಿಧಿಗಳು (ಪ್ರೊಸೀಜರುಗಳು) ರದ್ದಾದುವು, ಅನೇಕ ವಿಧಿಗಳ ನಾಮಕರಣ ಮತ್ತೆ ನಡೆಯಿತು. ಒಂದೇ ಕಾಲಕ್ಕೆ ಹಲವು ಲೇಯರುಗಳನ್ನು ಆಯ್ದುಕೊಳ್ಳುವ ಸೌಕರ್ಯ ಬಂದುದರಿಂದ, ‘ಈಗ ಚಾಲ್ತಿಯಲ್ಲಿರುವ ಲೇಯರ್ ಯಾವುದು?’ ಎಂದು ಕೇಳುವ ಪ್ರಶ್ನೆಗೆ ಅರ್ಥವಿಲ್ಲದಾಗಿ, ‘ಆಯ್ಕೆಗೊಂಡ ಲೇಯರುಗಳು ಯಾವುವು?’ ಎಂದು ಬಹುವಚನದಲ್ಲಿ ಕೇಳತಕ್ಕದ್ದೆಂದು ಶಾಸನವಾಯಿತು. ಏಕವಚನದಲ್ಲೇ ಪ್ರಶ್ನಿಸುತ್ತಿದ್ದ ನಮ್ಮ ಸ್ಕ್ರಿಪ್ಟಿಗೆ ದೊರೆತ ಉತ್ತರ: ‘ಎರರ್: ಇವಾಲ್: ಅನ್‌ಬೌಂಡ್ ವೇರಿಯಬಲ್: ಗಿಂಪ್-ಇಮೇಜ್-ಗೆಟ್-ಆಕ್ಟಿವ್-ಲೇಯರ್’. ಇಂಥ ಪೆಟ್ಟು ಮೊದಲನೆಯದೂ ಅಲ್ಲ, 2007ರಲ್ಲಿ 2.4ನೆಯ ಆವೃತ್ತಿ ಬಂದಾಗ ಸ್ಕ್ರಿಪ್ಟ್-ಫೂವಿನ ಒಳಗಿನ ವ್ಯಾಖ್ಯಾನಕಾರನೇ (ಇಂಟರ್ಪ್ರಿಟರ್) ಬದಲಾಗಿ, ಟೈನಿಸ್ಕೀಮ್ ಎಂಬ ಕಟ್ಟುನಿಟ್ಟಿನವನು ಬಂದು, ಮೊದಲೇ ಘೋಷಿಸದ ಚರಾಂಶಗಳನ್ನೆಲ್ಲ ಹೊರಗೆ ನಿಲ್ಲಿಸಿದ್ದನು. ಪೈಥಾನಿನಲ್ಲಿ ಬರೆದ ಪ್ಲಗಿನ್ನುಗಳಿಗಾದರೋ, ಕಡತದ ಹೆಸರೇನೋ ಅದೇ ಹೆಸರಿನ ಪ್ರತ್ಯೇಕ ಫೋಲ್ಡರಿನಲ್ಲಿ ವಾಸಿಸತಕ್ಕದ್ದೆಂದು ಈಗ ಮಡಿಯ ನಿಯಮ ಬಂದಿದೆ. ಪಕ್ಕದ ಫೋಲ್ಡರಿನಲ್ಲಿ ಕಂಡುಬಂದದ್ದನ್ನು ತಾವು ಬೈಯುವುದೂ ಇಲ್ಲ, ಕರೆಯುವುದೂ ಇಲ್ಲ.

ಆ ಎರರ್ ಸಂದೇಶವು ಸುಳ್ಳೆಂದು ನಾನು ಹೇಳಲಾರೆ. ಅದರಷ್ಟು ನಿಷ್ಠುರವಾದ ಸತ್ಯವಾಕ್ಯ ನಮ್ಮ ಜಿಲ್ಲೆಯ ಯಾವ ಕಚೇರಿಯಿಂದಲೂ ಹೊರಟಿಲ್ಲ. ಕಡೆಯ ವಿರಾಮಚಿಹ್ನೆಯ ಮುಂದಿರುವ ಹೆಸರನ್ನು ಗುರುತಿಟ್ಟುಕೊಂಡು, ಹೆಲ್ಪ್ ಮೆನುವಿನ ಪ್ರೊಸೀಜರ್ ಬ್ರೌಸರಿನಲ್ಲಿ ಅದರ ವಾರಸುದಾರನನ್ನು ಹುಡುಕಿ, ಹೊಸ ವಿಧಿಯು ಒಂದು ಲೇಯರಿಗೆ ಬದಲಾಗಿ ಲೇಯರುಗಳ ಪಟ್ಟಿಯನ್ನೇ ಹಿಂದಿರುಗಿಸುವುದರಿಂದ ಆ ಪಟ್ಟಿಯ ಮೊದಲನೆಯದನ್ನು ಎತ್ತಿಕೊಂಡರೆ, ಬಹುಮಟ್ಟಿಗೆ ಕಾರ್ಯಸಿದ್ಧಿಯಾಗುತ್ತದೆ. ಆದರೆ, ಸ್ವಾಮಿ, ಈ ವಾಕ್ಯವನ್ನು ತಾವು ಹೇಳುತ್ತಿರುವುದು ಸ್ಕ್ರಿಪ್ಟ್ ಬರೆದವನಿಗೆ; ಕೇಳಿಸಿಕೊಳ್ಳುತ್ತಿರುವವನು, ಹತ್ತನೆಯ ತರಗತಿ ಮುಗಿಸಿ ಕೌಂಟರಿನ ಹಿಂದೆ ನಿಂತ, ಎಂಟು ಮುಖಗಳಿಗಾಗಿ ಕಾದಿರುವ ತಾಯಿಯೊಬ್ಬಳಿಗೆ ‘ಐದು ನಿಮಿಷ ತಡ್ಕೊಳ್ರೀ ಅಮ್ಮಾ’ ಎಂದ ಹುಡುಗ. ಬರೆದವನು ಇಂದು ಎಲ್ಲಿದ್ದಾನೋ! 1975ರಲ್ಲಿ ಎಂ.ಐ.ಟಿ.ಯ ವಿದ್ವಾಂಸರಿಂದ ಜನ್ಮತಾಳಿ ಸ್ಕ್ರಿಪ್ಟ್-ಫೂವಿಗೆ ಆಧಾರವಾದ ಸ್ಕೀಮ್ ಭಾಷೆಯ ಆವರಣಚಿಹ್ನೆಗಳ ಕಾನನದಲ್ಲಿ ಒಂದು ಹೆಸರನ್ನು ತಿದ್ದಿ, ಆವರಣಗಳನ್ನು ಸಮವಾಗಿ ಮುಚ್ಚುವ ಕೆಲಸ ಆ ಹುಡುಗನ ಪಾಲಿಗೆ ಬಂದಿದೆ.

ಇಷ್ಟೆಲ್ಲ ಹೇಳಿಯೂ ತಮ್ಮನ್ನು ಬಿಡಲಾರದೆ ಇರುವುದಕ್ಕೆ ಒಂದು ಕಾರಣವುಂಟು. ದುಗ್ಗಮ್ಮನ ಜಾತ್ರೆ ಬಂದಿತೆಂದರೆ ನಗರದ ವೃತ್ತಗಳೆಲ್ಲ ಫ್ಲೆಕ್ಸಿನಿಂದ ಮುಚ್ಚಿಹೋಗುತ್ತವೆ. (2016ರಲ್ಲೇ ರಾಜ್ಯಸರ್ಕಾರವು ಫ್ಲೆಕ್ಸನ್ನು ನಿಷೇಧಿಸಿತ್ತೆಂಬುದನ್ನು ಯಾರಾದರೂ ಒಂದು ಫ್ಲೆಕ್ಸಿನಲ್ಲೇ ಮುದ್ರಿಸಿ ಕಟ್ಟಿದರೆ ಜನಕ್ಕೆ ತಿಳಿದೀತು.) ಬೆಲೆಬಾಳುವ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡವನ್ನು ಸುಮ್ಮನೆ ತಂದಿಟ್ಟರೆ ‘ಹಾರ್ದಿಕ’ದ ಅರ್ಕಾವತ್ತು ಅಕ್ಷರಕ್ಕಿಂತ ಮೊದಲೇ ಓಡಿಹೋಗಿ, ‘ಸುಸ್ವಾಗತ’ದ ಒತ್ತು ಕೆಳಗಿಳಿಯದೆ ಪಕ್ಕದಲ್ಲೇ ಕುಳಿತು, ದೇವಿಯ ಹೆಸರಿನ ಎರಡು ಒತ್ತಕ್ಷರಗಳೂ ಬಿರುಕುಬಿಡುವ ದುರವಸ್ಥೆಯನ್ನು ಬಹುಕಾಲ ಕಂಡವರು ನಾವು, ಆ ಭಯದಿಂದಲೇ ನಮ್ಮ ಡಿಟಿಪಿಯವರು ಇಂದಿಗೂ ಹಳೆಯ ನುಡಿ ಫಾಂಟುಗಳನ್ನು ಬಿಡಲೊಲ್ಲರು. ತಾವಾದರೋ ಪ್ಯಾಂಗೊ, ಹಾರ್ಫ್‌ಬಜ್ ಎಂಬ ಇಬ್ಬರು ಲಿಪಿಕಾರರನ್ನು ಇಟ್ಟುಕೊಂಡು, ಕೇಳದೆಯೇ ಒತ್ತನ್ನು ಒತ್ತಿನ ಸ್ಥಾನದಲ್ಲಿ ಕೂರಿಸುತ್ತೀರಿ. 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರದ ದೇವಾಲಯದಲ್ಲಿ ಶಿವನರ್ಧ, ವಿಷ್ಣುವಿನರ್ಧ ಒಂದೇ ವಿಗ್ರಹದಲ್ಲಿ ಕೂಡಿನಿಂತಿರುವಂತೆ, ತಮ್ಮ ಪಠ್ಯದ ಲೇಯರಿನಲ್ಲಿ ಮೂಲಾಕ್ಷರವೂ ಒತ್ತೂ ಸಂದಿಲ್ಲದೆ ಬೆರೆಯುತ್ತವೆ.

ಇಂಥ ಸೂಕ್ಷ್ಮ ಬಲ್ಲವರಿಗೆ ನಮ್ಮ ಬೇಡಿಕೆ ದೊಡ್ಡದೇನೂ ಅಲ್ಲ. ಒಂದು ವಿಧಿಯನ್ನು ನಿವೃತ್ತಿಗೊಳಿಸಿದಾಗ, ಅದು ಎಂದೂ ಹುಟ್ಟಿಯೇ ಇರಲಿಲ್ಲವೆಂಬಂತೆ ನಡೆದುಕೊಳ್ಳದೆ, ‘ಇದು 3.0ರಲ್ಲಿ ನಿಂತುಹೋಗಿದೆ, ಇದರ ಬದಲಿಗೆ ಇಂಥದನ್ನು ಬಳಸಿ’ ಎಂಬ ಒಂದು ಸಾಲನ್ನು ಆ ಎರರಿನ ಕೆಳಗೆ ಸೇರಿಸಬೇಕು; ಸಾಧ್ಯವಾದರೆ ಕನ್ನಡದಲ್ಲಿ. ಹೊಸ ಹೆಸರುಗಳ ಪಟ್ಟಿಯು ತಮ್ಮ ಬಳಗದವರಲ್ಲಿ ಇದ್ದೇ ಇದೆ. ಅದನ್ನು ತಂದು ಹುಡುಗನ ಕಣ್ಣೆದುರು ಇಡುವುದಷ್ಟೇ ಬಾಕಿ.

ಅಲ್ಲಿಯವರೆಗೆ ನಮ್ಮ ಬೀದಿಯ ಸ್ಟುಡಿಯೋದಲ್ಲಿ ಎರಡು ಕಂಪ್ಯೂಟರುಗಳು ನಡೆಯುತ್ತವೆ: ಜಾತ್ರೆಯ ಬ್ಯಾನರಿಗೆ 3.0 ಇರುವ ಹೊಸದು, ಪಾಸ್‌ಪೋರ್ಟ್ ಫೋಟೋಗಳಿಗೆ 2.10 ಇರುವ ಹಳೆಯದು. ಹಳೆಯದರ ಪರದೆಯ ಮೇಲೆ ಮಾಲೀಕನು ಒಂದು ಚೀಟಿಯನ್ನು ಅಂಟಿಸಿದ್ದಾನೆ: ‘ಯಾರೂ ಇಂಟರ್ನೆಟ್ ಹಾಕಬಾರದು, ಅಪ್‌ಡೇಟ್ ಆಗಿಬಿಡುತ್ತೆ’.

ಇಂತು,
ತಮ್ಮ ವಿಶ್ವಾಸಿ,
ಎಂ.ಸಿ.ಸಿ. ‘ಬಿ’ ಬ್ಲಾಕಿನ ಓರ್ವ ನಿವಾಸಿ,
ದಾವಣಗೆರೆ